ವರಾಂಡದ ಅಧ್ಯಕ್ಷೆ

ಅಧ್ಯಾಪಕರ ಸಂಘಕ್ಕೆ ಹೊಸ ಅಧ್ಯಕ್ಷರು ಯಾರಾಗುತ್ತೀರಿ ಎಂದು ಕಾರ್ಯದರ್ಶಿಗಳು ಕೇಳಿದ ಮಧ್ಯಾಹ್ನ, ಸ್ಟಾಫ್ ರೂಮಿನಲ್ಲಿದ್ದ ಅಷ್ಟೂ ತಲೆಗಳು ಉತ್ತರಪತ್ರಿಕೆಗಳ ಮೇಲೆ ಬಾಗಿದವು. ಅಲ್ಲಿಯವರೆಗೆ ಯಾರೂ ಮುಟ್ಟಿರದ ಪತ್ರಿಕೆಗಳವು. ರಾಕ್ಷಸನ ಊಟಕ್ಕೆ ಇವತ್ತು ಯಾರ ಮನೆ ಸರದಿ ಎಂದು ಡಂಗುರ ಬಡಿದರೆ ಊರಿಗೆ ಊರೇ ಕದವಿಕ್ಕಿಕೊಂಡು ಉಸಿರು ಬಿಗಿಹಿಡಿಯುತ್ತಿತ್ತು ಎಂದು ಅಜ್ಜಿಯರು ಹೇಳುತ್ತಾರಲ್ಲ, ಹಾಗೆ. ಸಸ್ಯಶಾಸ್ತ್ರದ ಮೇಡಂ ಮಾತ್ರ ಕಿಟಕಿಯಾಚೆಯ ಮರ ಚಿಗುರುತ್ತಿರುವುದನ್ನು ನೋಡುತ್ತ ಮೈಮರೆತಿದ್ದರು. ಇಡೀ ಕೋಣೆಯಲ್ಲಿ ತಲೆ ಎತ್ತಿಕೊಂಡಿದ್ದವರು ಅವರೊಬ್ಬರೇ. ಸಿಕ್ಕಿಬಿದ್ದರು.

"ನಮ್ಮ ಹೂ ಮೇಡಂ ಇದಾರಲ್ಲ!" ಎಂದರು ಲೆಕ್ಕದ ಮೇಷ್ಟ್ರು. "ಅವರನ್ನ ಕಂಡ್ರೆ ಆಗದೇ ಇರೋರು ಈ ಕಾಲೇಜಲ್ಲೇ ಇಲ್ಲ."

"ನಂಗೆ ಜೋರಾಗಿ ಮಾತಾಡೋಕೇ ಬರಲ್ಲ ಸರ್."

"ಜೋರಾಗಿ ಮಾತಾಡಿದೋರ ಗತಿ ಏನಾಯ್ತು ಅಂತ ನೋಡಿದ್ವಲ್ಲ ಮೇಡಂ. ನೀವೇ ಸರಿ."

ಚಪ್ಪಾಳೆ ಬಿತ್ತು. ಗಂಡಾಂತರ ತಪ್ಪಿಸಿಕೊಂಡವರ ಚಪ್ಪಾಳೆಯಾದ್ದರಿಂದ ಅದು ಭಾರಿ ಜೋರಾಗಿಯೇ ಇತ್ತು.

ಜೋರಾಗಿ ಮಾತಾಡಿದವರು ಹಳೆಯ ಅಧ್ಯಕ್ಷರು, ಇತಿಹಾಸದ ಗುಡುಗು ಮೇಷ್ಟ್ರು. ಹೆರಿಗೆ ರಜೆ ಕೇಳಿದಳೆಂಬ ಒಂದೇ ಕಾರಣಕ್ಕೆ ಕಿರಿಯ ಅಧ್ಯಾಪಕಿಯೊಬ್ಬಳನ್ನು ಆಡಳಿತ ಮಂಡಳಿ ಕೆಲಸದಿಂದ ತೆಗೆದುಹಾಕಿದಾಗ, ಮಂಡಳಿಯ ಸಭೆಗೇ ನುಗ್ಗಿ ಗುಡುಗಿದ್ದರು. ಮರುದಿನವೇ ಅಮಾನತು, ಈಗ ವಿಚಾರಣೆ. ಹೂ ಮೇಡಂ ಒಂದು ಕಾಲದಲ್ಲಿ ಇದೇ ಕಾಲೇಜಿನಲ್ಲಿ ಅವರ ಶಿಷ್ಯೆ. ಅಧ್ಯಕ್ಷೆಯಾದ ಸಂಜೆ ಅವರು ನೇರವಾಗಿ ಮೇಷ್ಟ್ರ ಮನೆಗೆ ಹೋದರು.

ಮೇಷ್ಟ್ರ ದನಿ ಇಳಿದುಹೋಗಿತ್ತು. "ವಿಚಾರಣೆ ದಿನ ನನ್ನ ಮುಂದೆ ಎರಡು ದಾರಿ ಇಡ್ತಾರೆ ಕಣಮ್ಮ. ಸ್ವಯಂ ನಿವೃತ್ತಿಗೆ ಸಹಿ ಹಾಕಿದ್ರೆ ಪಿಂಚಣಿ ಉಳಿಯುತ್ತೆ. ಇಲ್ಲಾಂದ್ರೆ ವಜಾ, ಆಮೇಲೆ ಕೋರ್ಟು ಕಚೇರಿ ಅಲೆದಾಟ. ಹೋರಾಡ್ಬೇಕು ಅಂತಲೇ ಇದೆ. ಆದ್ರೆ ಒಬ್ನೇ ಆಗಲ್ಲ, ವಯಸ್ಸಾಯ್ತು. ಪೆನ್ನು ಮುಟ್ಟೋಕೆ ಮುಂಚೆ ಬಾಗಿಲು ತೆಗೆದು ಒಂದ್ಸಲ ಹೊರಗೆ ವರಾಂಡದ ಕಡೆ ನೋಡ್ತೀನಿ. ನೀವೆಲ್ಲ ಇದ್ರೆ, ಸಹಿ ಹಾಕಲ್ಲ ಅಂತ ಹೇಳಿ ಎದ್ದು ಬರ್ತೀನಿ."

"ಇರ್ತೀವಿ ಸರ್."

"ನೀನು ಹೇಳಿದ್ಮೇಲೆ ಮುಗೀತು ಬಿಡು ಮಗಳೇ," ಎಂದರು ಮೇಷ್ಟ್ರ ಹೆಂಡತಿ. ಅಂದು ಆ ಮನೆಯಲ್ಲಿ ಯಾರಾದರೂ ನಕ್ಕಿದ್ದರೆ ಅದು ಆಗಲೇ.

ವಿಚಾರಣೆಯ ಬೆಳಿಗ್ಗೆ ಪ್ರಾಂಶುಪಾಲರ ಕೋಣೆಯ ಮುಂದಿನ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಹೂ ಮೇಡಂ ಮನೆಮನೆಗೆ ಹೋಗಿ, ಗೋಗರೆದು ಒಪ್ಪಿಸಿದ ಜನ. ಇಂದು ಯಾರೂ ತರಗತಿಗೆ ಹೋಗುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟಿದ್ದರು.

"ನನ್ನ ಮಂಡಿ ನೆಲ ಕಂಡು ಯುಗ ಆಯ್ತು," ಎಂದು ಲೆಕ್ಕದ ಮೇಷ್ಟ್ರು ಗೋಡೆ ಹಿಡಿದು ಕೂತರು. "ಕ್ರಾಂತಿ ಆದ್ಮೇಲೆ ಯಾರಾದ್ರೂ ನನ್ನ ಎತ್ತಿ ನಿಲ್ಲಿಸ್ಬೇಕು ಅಷ್ಟೇ."

ಗುಡುಗು ಮೇಷ್ಟ್ರು ಬಂದರು. ಎಲ್ಲರನ್ನೂ ಕಣ್ತುಂಬ ನೋಡಿ, ಅಂಗಿಯ ಕಾಲರು ಸರಿಮಾಡಿಕೊಂಡು ಒಳಗೆ ಹೋದರು. ಬಾಗಿಲು ಮುಚ್ಚಿತು.

ಪ್ರಾಂಶುಪಾಲರು ಯಾರನ್ನೂ ಗದರಿಸಲಿಲ್ಲ, ಪೊಲೀಸರನ್ನೂ ಕರೆಸಲಿಲ್ಲ. ಜವಾನ ಎಂದಿನಂತೆ ಬಂದು ಗಂಟೆ ಬಾರಿಸಿದ. ಅಷ್ಟೇ.

ಮೊದಲು ಎದ್ದವರು ಲೆಕ್ಕದ ಮೇಷ್ಟ್ರೇ. ಯಾರೂ ಎತ್ತಬೇಕಾಗಲಿಲ್ಲ. ನಿದ್ದೆಗಣ್ಣಿನಲ್ಲಿ ನಡೆಯುವವರ ಹಾಗೆ ಒಬ್ಬರ ಹಿಂದೊಬ್ಬರು ಎದ್ದರು. ಕೈಗಳು ತಾವಾಗಿಯೇ ಸೀಮೆಸುಣ್ಣಕ್ಕಾಗಿ ಜೇಬು ತಡಕಿದವು. ಹುಟ್ಟಿದಾರಭ್ಯ ಗಂಟೆಗೆ ಎದ್ದ ಕಾಲುಗಳು; ಕೊಟ್ಟ ಮಾತು ತಲೆಯಲ್ಲಿತ್ತು, ಕಾಲಿಗೆ ಅದನ್ನು ಯಾರೂ ಹೇಳಿರಲಿಲ್ಲ. "ಹಾಜರಿ ತಗೊಂಡು ಈಗ ಬಂದೆ ಮೇಡಂ." "ಹುಡುಗರಿಗೆ ಒಂದ್ಮಾತು ಹೇಳಿ ಬಂದ್ಬಿಡ್ತೀನಿ." ಕಣ್ಣುಮುಚ್ಚಿ ತೆಗೆಯುವಷ್ಟರಲ್ಲಿ ವರಾಂಡ ಬಟಾಬಯಲು.

ಹೂ ಮೇಡಂ ಬಾಗಿಲು ನೋಡಿದರು, ಮೆಟ್ಟಿಲು ನೋಡಿದರು. ಒಬ್ಬಳೇ ಕೂತರೆ ಏನು ಬಂತು? ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲು ಹತ್ತಿ ಓಡಿದರು.

ಜೋರಾಗಿ ಮಾತಾಡಲು ಬಾರದ ಆ ಹೆಂಗಸು ಒಂದೊಂದು ತರಗತಿಯ ಬಾಗಿಲಲ್ಲೂ ನಿಂತು ಕೂಗಿದರು. "ನಾಚ್ಕೆ ಆಗಲ್ವಾ ನಿಮ್ಗೆ? ಕೆಳಗೆ ಒಬ್ರ ಜೀವನ ಹೋಗ್ತಿದೆ, ಇಲ್ಲಿ ಸಮೀಕರಣ ಬಿಡಿಸ್ತಾ ಇದೀರಾ!" ಹುಡುಗರು ಬಾಯಿಬಿಟ್ಟುಕೊಂಡು ನೋಡಿದರು. ಅಧ್ಯಾಪಕರು ಕಕ್ಕಾಬಿಕ್ಕಿಯಾಗಿ ಡಸ್ಟರು ಕೆಳಗಿಟ್ಟರು. ಒಬ್ಬೊಬ್ಬರಾಗಿ ಹೊರಬಂದರು. ಎಲ್ಲರನ್ನೂ ಹಿಂದೆ ಕಟ್ಟಿಕೊಂಡು ಹೂ ಮೇಡಂ ಮೆಟ್ಟಿಲಿಳಿದರು. ಗೆದ್ದೆ ಎಂದೇ ಅಂದುಕೊಂಡರು.

ವರಾಂಡ ಮತ್ತೆ ತುಂಬಿತು. ಬಾಗಿಲು ತೆರೆಯಿತು.

ಗುಡುಗು ಮೇಷ್ಟ್ರು ಹೊಸ್ತಿಲಲ್ಲೇ ನಿಂತರು. ಇಷ್ಟೂ ಜನರನ್ನು ನೋಡಿ ಅವರ ಮುಖ ಅರಳಲಿಲ್ಲ. ಕಪಾಳಕ್ಕೆ ಏಟು ಬಿದ್ದವರಂತೆ ಒಂದು ಹೆಜ್ಜೆ ಹಿಂದೆ ಸರಿದರು.

"ಈಗ ಬಂದ್ರಾ?" ಎಂದರು.

"ಸರ್..."

"ಬಾಗಿಲು ತೆಗೆದೆ ಕಣಮ್ಮ. ಯಾರೂ ಇರ್ಲಿಲ್ಲ. ನೀನೂ ಇರ್ಲಿಲ್ಲ."

"ಇವರನ್ನ ಕರ್ಕೊಂಡು ಬರೋಕೇ ಹೋಗಿದ್ದೆ ಸರ್."

"ಇವರು ಹೋಗಿದ್ದು ನಂಗೇನೂ ಅನ್ನಿಸ್ಲಿಲ್ಲ. ನನ್ನ ಕಾಲದಲ್ಲೂ ಎದ್ದು ಹೋಗ್ತಿದ್ರು. ನೀನೊಬ್ಳು ಕೂತಿದ್ದಿದ್ರೆ ಸಾಕಿತ್ತು." ಕೋಪವಿಲ್ಲದೆ ಹೇಳಿದರು, ಹೂ ಮೇಡಂಗೆ ಅದನ್ನೇ ತಡೆಯಲಾಗಲಿಲ್ಲ. "ಸಹಿ ಹಾಕ್ಬಿಟ್ಟೆ."

ಜನ ಬಿಟ್ಟ ದಾರಿಯಲ್ಲಿ ಅವರು ಯಾರ ಮುಖವನ್ನೂ ನೋಡದೆ ಗೇಟಿನತ್ತ ನಡೆದುಹೋದರು.

ಪ್ರಾಂಶುಪಾಲರು ಹೊರಗೆ ಇಣುಕಿದರು. "ತರಗತಿಗೆ ನುಗ್ಗಿ ಅಧ್ಯಾಪಕರನ್ನ ಎಳ್ಕೊಂಡು ಬಂದ್ರಂತೆ? ನಿಮ್ಮ ವಿಷಯ ನಾಳೆ ಮಾತಾಡೋಣ ಮೇಡಂ." ಬಾಗಿಲು ಹಾಕಿಕೊಂಡರು.

ಲೆಕ್ಕದ ಮೇಷ್ಟ್ರು ಮೆಲ್ಲಗೆ ಗಂಟಲು ಸರಿಮಾಡಿಕೊಂಡರು. "ಎಲ್ಲಾ ಮುಗೀತಲ್ಲ ಮೇಡಂ. ನಾವಿನ್ನು ಹೋಗ್ಲಾ?"

ಹೂ ಮೇಡಂ ಆ ಮುಚ್ಚಿದ ಬಾಗಿಲಿಗೆ ಎದುರಾಗಿ, ಬರಿ ನೆಲದ ಮೇಲೆ ಕೂತರು. ಗುಡುಗು ಮೇಷ್ಟ್ರ ಹೆಂಡತಿಗೆ ಏನು ಹೇಳುವುದೆಂದು ಅವರಿಗೆ ಹೊಳೆಯುತ್ತಿರಲಿಲ್ಲ. ಹಿಂದೆ ಕಾಲುಗಳು ಸರಿದಾಡುವ ಸದ್ದು ಕೇಳಿಸುತ್ತಲೇ ಇತ್ತು. ಎಷ್ಟು ಜನ ಹೋದರು, ಎಷ್ಟು ಜನ ಉಳಿದರು ಎಂದು ಅವರು ತಿರುಗಿ ನೋಡಲಿಲ್ಲ.