ಬಿಳಿ ನಾಲ್ಕು

ತಂತಿಯ ತುದಿಗೆ ಐದು ಸೂಜಿ, ಪೆಟ್ಟಿಗೆಯ ಬೆನ್ನಿಗೆ ಐದು ತೂತು, ಕಣ್ಣಿಗೆ ಕಾಣದ ಕಡೆ ಬೆರಳೇ ಹುಡುಕಬೇಕು, ಸ್ವಲ್ಪ ತಿರುಗಿಸು, ಇಲ್ಲ, ಇನ್ನೂ ಸ್ವಲ್ಪ — ಮೇಜಿನ ಕೆಳಗಿನ ಧೂಳಿಗೆ ಸೀನು ಬಂದು ಮೂಗಿನ ತುದಿಯಲ್ಲಿ ನಿಂತಿದೆ, ಸೀನುವಂತಿಲ್ಲ, ಕೀಬೋರ್ಡಿನ ಸಂದೇಶ ಕಂಪ್ಯೂಟರಿಗೆ ಬಂತೋ ಇಲ್ಲವೋ ಪರದೆ ತೋರಿಸಲಿ ಎಂದು ರೆಕಾರ್ಡಿಂಗ್ ಹಾಕಿಟ್ಟೇ ಕೆಳಗೆ ತೂರಿದ್ದೇನೆ, ಮೈಕು ತೆರೆದೇ ಇದೆ, ಫ್ಯಾನು ನಿಲ್ಲಿಸಿದ್ದರಿಂದ ಬೆವರು ಕಿವಿಯ ಹಿಂದೆ ಇಳಿಯುತ್ತಿದೆ — ಇಲ್ಲಿಂದ ಕಾಣುವುದು ಕಾಲುಗಳು ಮಾತ್ರ, ಮಂಚದ ತುದಿಗೆ ಕುಳಿತ ದೊಡ್ಡವ್ವನ ಕಾಲು, ಸವೆದು ದಾರದಷ್ಟಾದ ಕಾಲುಂಗುರ, ಅದರಾಚೆ ಕೀಬೋರ್ಡಿನ ಮುಂದೆ ಗುತ್ತೆಪ್ಪಜ್ಜನ ಎಡಗಾಲು, ಇಲ್ಲದ ಪೆಡಲನ್ನು ತುಳಿಯುತ್ತಿದೆ, ಒತ್ತು, ಬಿಡು, ಒತ್ತು, ಬಿಡು, ನಾಟಕ ಕಂಪನಿಯ ಕಾಲು ಹಾರ್ಮೋನಿಯಮ್ಮಿಗೆ ಆಯುಷ್ಯವೆಲ್ಲ ಗಾಳಿ ಹಾಕಿದ ಕಾಲು ಅದು, ಗಾಳಿಯಿಲ್ಲದೆಯೂ ಸ್ವರ ಹುಟ್ಟುತ್ತದೆ ಎಂದು ಅದಕ್ಕೆ ಹೇಳುವವರು ಯಾರು. ದೊಡ್ಡವ್ವ ನೋಡಿಯೇ ಬಿಟ್ಟಳು. ಲೇ ಗುತ್ತೆಪ್ಪ, ಪೆಡಲ್ ಎಲ್ಲೈತೋ, ಆ ಹುಡುಗಿ ಮನಿ ನೆಲ ಯಾಕ ತುಳೀತಿ. ತುಳೀಲಿಲ್ಲಂದ್ರೆ ಕೈ ಓಡಲ್ಲ ಹಂಪವ್ವ, ನೀ ಹಾಡೋವಾಗ ಹುಬ್ಬು ಹಾರಿಸ್ತಿ, ಯಾಕ ಅಂತ ನಾ ಎಂದಾದ್ರೂ ಕೇಳೀನೇನು. ನನ್ನ ಹುಬ್ಬಿಗೆ ಟಿಕೀಟು ಹೋಗ್ತಿತ್ತು, ನಿನ್ನ ಕಾಲು ನೋಡಾಕೆ ಯಾವನು ಬರ್ತಿದ್ದ. ಇಬ್ಬರೂ ನಗುತ್ತಾರೆ, ಕೊಕ್ಕನೂರಿನಿಂದ ಬಸ್ಸು ಹಿಡಿದು ಬಂದ ಮುದುಕ, ಹರಿಹರದಿಂದ ನನ್ನ ಸ್ಕೂಟರಿನ ಹಿಂದೆ ಕುಳಿತು ಬಂದ ಮುದುಕಿ, ವಿದ್ಯಾನಗರದ ಈ ಮಹಡಿ ಕೋಣೆಯಲ್ಲಿ ಇನ್ನೂ ಯಾವುದೋ ಊರಿನ ಟೆಂಟಿನೊಳಗೇ ಕುಳಿತವರಂತೆ ನಗುತ್ತಾರೆ — ಕ್ಲಿಕ್, ಕೂತಿತು.

ಈ ತಂತಿಯಲ್ಲಿ ಸ್ವರ ಹರಿಯುವುದಿಲ್ಲ, ಎಷ್ಟು ವರ್ಷ ಇದರ ಜೊತೆ ಬದುಕಿದರೂ ಈ ಸಂಗತಿ ನನಗೆ ಹಳತಾಗುವುದಿಲ್ಲ, ಇದಕ್ಕೆ ಕಿವಿಯಿಟ್ಟರೆ ಏನೂ ಕೇಳದು, ಇಲ್ಲಿ ಹರಿಯುವುದು ಬೆರಳು ಮಾತ್ರ, ಕೀಬೋರ್ಡಿನ ಯಾವ ಮನೆ, ಎಷ್ಟು ಭಾರ, ಒತ್ತು, ಮತ್ತೆ ಬಿಡು, ಅಷ್ಟೇ, ಸ್ವರ ಹುಟ್ಟುವುದು ಒಳಕೋಣೆಯ ಬೀರುವಿನ ಮೇಲಿರುವ, ವಾದ್ಯಗಳ ದನಿ ತುಂಬಿಟ್ಟ ಡಬ್ಬಿಗಳಲ್ಲಿ, ಅದಕ್ಕೇ ಈ ಕೋಣೆಯಲ್ಲಿ ಒತ್ತಿದ್ದನ್ನು ಆ ಕೋಣೆಯಲ್ಲಿ ಕೊಳಲು ಮಾಡಬಹುದು, ಇವತ್ತು ಒತ್ತಿದ್ದನ್ನು ನಾಳೆ ಎರಡು ಮನೆ ಇಳಿಸಬಹುದು, ಮುದುಕನ ಕೈ ಊರಿಗೆ ಹೋದ ಮೇಲೂ ಅವನ ಒತ್ತು ಇಲ್ಲಿ ಉಳಿದಿರುತ್ತದೆ, ದೇವರೇ, ಇದನ್ನು ಯಾರು ಯೋಚಿಸಿದರು. ನನ್ನ ರೂಟರ್ ಪೆಟ್ಟಿಗೆ ಬಂದ ಬೆರಳನ್ನು ಯಾವ ಡಬ್ಬಿಗೆ ಕಳಿಸಬೇಕೋ ಅಲ್ಲಿಗೆ ಹಂಚುತ್ತದೆ, ಆದರೆ ತಂತಿ ಸಿಕ್ಕಿಸುವ ಅದರ ಬಾಯಿಗಳೆಲ್ಲ ತುಂಬಿಹೋಗಿವೆ, ದೊಡ್ಡವ್ವನಿಗೆ ಹಾರ್ಮೋನಿಯಂ ಬೇಕು, ಕ್ಲಾರಿನೆಟ್ ಬೇಕು, ಹಿಂದೆ ಕಂಪನಿಯಲ್ಲಿ ಇದ್ದದ್ದೆಲ್ಲ ಬೇಕು, ಹಾಗಾಗಿ ಹರಿಹರದ ಆರ್ಕೆಸ್ಟ್ರಾದ ಮಾಲತೇಶನ ಹತ್ತಿರ ಎರಡನೆಯ ರೂಟರ್ ಕೇಳಿ ತಂದೆ, ಬೆಳಿಗ್ಗೆ ಅದನ್ನು ದೊಡ್ಡವ್ವನೇ ಮಡಿಲಲ್ಲಿ ಇಟ್ಟುಕೊಂಡು ಕುಳಿತಿದ್ದಳು, ಹೈವೇಯ ಗಾಳಿಗೆ ಸೆರಗು ನನ್ನ ಹೆಲ್ಮೆಟ್ಟಿಗೆ ಬಡಿಯುತ್ತಿತ್ತು, ಬಿಂದೂ, ಇದ್ರಾಗೆ ಏನೂ ಇಲ್ಲ ಅನ್ನಂಗೈತಲ್ಲೇ, ಒಂದು ಸೇರು ಮಂಡಕ್ಕಿಯಷ್ಟೂ ತೂಕಿಲ್ಲ. ಅದ್ರಾಗೆ ಗುತ್ತೆಪ್ಪಜ್ಜನ ಬೆರಳು ಹೋಗ್ತಾವೆ ದೊಡ್ಡವ್ವ ಅಂದೆ. ನನ್ನ ಹೆಗಲ ಮೇಲಿದ್ದ ಅವಳ ಕೈ ಪೆಟ್ಟಿಗೆಗೆ ಹೋಯಿತು. ಆಮೇಲೆ, ಹಂಗಾದ್ರೆ ಗಟ್ಟಿ ಹಿಡ್ಕಂತೀನಿ ತಗಾ ಅಂದಳು.

ಸೋಮವಾರ ಆಪರೇಷನ್. ಗಂಟಲ ಗಡ್ಡೆ ಅವಳು ನೀರು ಕುಡಿದಾಗ ಚರ್ಮದ ಕೆಳಗೆ ಏರುತ್ತದೆ, ಇಳಿಯುತ್ತದೆ, ಲಿಂಬೆಹಣ್ಣಿನಷ್ಟು, ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತದೆ, ಡಾಕ್ಟರು ಮೆಲ್ಲಗೆ ಹೇಳಿದರು, ಮಾತಿಗೇನೂ ತೊಂದ್ರೆ ಆಗಲ್ರಿ, ಹಾಡಿನ ಬಗ್ಗೆ ಮಾತ್ರ ನಾನು ಗ್ಯಾರಂಟಿ ಕೊಡಾಕಾಗಲ್ಲ, ಮೇಲಿನ ಸ್ವರ ಬರಬಹುದು, ಬರದಿರಬಹುದು. ಇಷ್ಟು ವರ್ಷ ಹಾಡಿದವಳ ಒಂದು ಪದವೂ ಎಲ್ಲೂ ಇಲ್ಲ, ಟೇಪಿನಲ್ಲಿಲ್ಲ, ಮೊಬೈಲಿನಲ್ಲಿಲ್ಲ, ಹಾಡಿದ್ದೆಲ್ಲ ಟೆಂಟಿನ ಬಟ್ಟೆ ದಾಟಿ ಹೋಗಿಬಿಟ್ಟಿತು, ಇವತ್ತು ಸಿಕ್ಕರೆ ಸಿಕ್ಕಿತು. ಹಾಡ್ತೀನಿ, ಆದ್ರೆ ಗುತ್ತೆಪ್ಪ ಕಣ್ಣೆದುರಿಗೆ ಕೂಡ್ರಬೇಕು, ಶ್ರುತಿ ಬಿಳಿ ನಾಲ್ಕೇ ಇರಬೇಕು, ಅಂದಳು, ಹಾರ್ಮೋನಿಯಮ್ಮಿನ ನಾಲ್ಕನೆಯ ಬಿಳಿ ಮನೆ, ಅಲ್ಲಿಂದ ಹೊರಟರೆ ಅವಳು ಕಂಪನಿಯಲ್ಲಿ ರಾಣಿಯಾಗಿ ಹಾಡುತ್ತಿದ್ದ ಪದದ ತುದಿ ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಎಣಿಸಿ ನೋಡಿದೆ, ಗಡ್ಡೆಯಿರುವ ಗಂಟಲಿಗೆ ಅದು ತೀರ ಎತ್ತರ. ಕಾಲು ಹಾರ್ಮೋನಿಯಂ ತರಿಸಿದರೆ ಅದರ ಕಿರುಗುಟ್ಟುವಿಕೆ ಮೈಕಿಗೆ ಬೀಳುತ್ತದೆ, ಅದಕ್ಕೇ ಈ ಸದ್ದಿಲ್ಲದ ಕೀಬೋರ್ಡು, ಅದಕ್ಕೇ ಈ ಎರಡು ಪೆಟ್ಟಿಗೆ, ಅದಕ್ಕೇ ನಾನು ಈ ಧೂಳಿನಲ್ಲಿ — ಮಾಲತೇಶ ಹೇಳಿದ್ದು ಏನು, ಇದರ ಔಟು ಅದರ ಇನ್ನಿಗೆ, ಅದರ ಔಟು ಇದರ ಇನ್ನಿಗೆ, ಆಮೇಲೆ ಇನ್ನೂ ಏನೋ ಅಂದ, ಲಾರಿ ಹಾರ್ನಿನಲ್ಲಿ ಮುಳುಗಿತು, ಇರಲಿ, ಎರಡನೆಯ ತಂತಿಯೂ ಕೂತಿತು. ಅಜ್ಜ, ಒಂದ್ಸಲ ಸಾ ಒತ್ರಿ.

ಒತ್ತಿದ. ಮೊದಲು ಹಾರ್ಮೋನಿಯಂ, ನಿಜವಾದದ್ದೇ, ಮರು ಕ್ಷಣದಲ್ಲಿ ಅದರ ಮೇಲೆ ಅದೇ, ಅದರ ಮೇಲೆ ಮತ್ತೆ ಅದೇ, ಜೇನುಗೂಡಿಗೆ ಕಲ್ಲು ಬಿದ್ದಂತೆ ಸ್ಪೀಕರು ಮೊರೆಯುತ್ತಿದೆ, ಎರಡೂ ಪೆಟ್ಟಿಗೆಗಳ ಹಸಿರು ದೀಪಗಳು ಒಂದನ್ನೊಂದು ಅಟ್ಟಿಸಿಕೊಂಡು — ಅಯ್ಯೋ, ಸುತ್ತು, ಬಂದದ್ದನ್ನೆಲ್ಲ ಎಲ್ಲ ಕಡೆಗೂ ಕಳಿಸು ಎಂದು ಎರಡಕ್ಕೂ ನಾನೇ ಹೇಳಿಟ್ಟಿದ್ದೇನೆ, ಇದು ಅದಕ್ಕೆ ಕೊಡುತ್ತದೆ, ಅದು ಇದಕ್ಕೆ ವಾಪಸು ಕೊಡುತ್ತದೆ, ಮುದುಕನ ಒಂದೇ ಬೆರಳು ಈ ಎರಡು ಅಂಗೈಯಗಲದ ಪೆಟ್ಟಿಗೆಗಳ ನಡುವೆ ಕಣ್ಣು ಮಿಟುಕಿಸುವುದರೊಳಗೆ ನೂರಾರು ಸಲ ಓಡಾಡುತ್ತಿದೆ, ಅವನು ಕೈ ತೆಗೆದುಬಿಟ್ಟಿದ್ದಾನೆ, ನಾನೇನೂ ಮಾಡ್ಲಿಲ್ಲವ್ವ ಎಂದು ಎರಡೂ ಕೈ ಮೇಲೆತ್ತಿದ್ದಾನೆ, ಕಾಲು ಮಾತ್ರ ತುಳಿಯುತ್ತಲೇ ಇದೆ. ಎರಡನೆಯ ತಂತಿಯನ್ನು ಕಿತ್ತೆ. ಮೊರೆತ ನಿಂತಿತು, ದೀಪಗಳು ಆರಿದವು, ಆದರೆ ಒಂದು ಸ್ವರ ಉಳಿಯಿತು. ಒಂದೇ, ನುಣ್ಣಗೆ, ಅಲುಗಾಡದೆ, ಬಿಳಿ ನಾಲ್ಕು. ಒತ್ತು ಎನ್ನುವ ಮಾತು ಡಬ್ಬಿಗೆ ಹೋಗಿ ಮುಟ್ಟಿದೆ, ಬಿಡು ಎನ್ನುವ ಮಾತು ನಾನು ಕಿತ್ತ ತಂತಿಯ ದಾರಿಯಲ್ಲಿ ಎಲ್ಲೋ ಸತ್ತಿದೆ, ಇನ್ನು ಯಾರಾದರೂ ಬಿಡು ಎನ್ನುವ ತನಕ ಆ ಡಬ್ಬಿ ಬಿಡುವುದಿಲ್ಲ, ಕರೆಂಟು ಇರುವ ತನಕ ಕಾಯುತ್ತದೆ, ನಾವು ಮೂವರೂ ಹೋದ ಮೇಲೂ ಕಾಯುತ್ತದೆ, ಇಷ್ಟು ನಿಷ್ಠೆಯನ್ನು ನಾನು ಮನುಷ್ಯರಲ್ಲಿ ಕಂಡಿಲ್ಲ, ಮೊಣಕಾಲ ಮೇಲೆ ಕುಳಿತೆ, ಮೈಯ ಕೂದಲು ಎದ್ದು ನಿಂತಿತ್ತು. ದೊಡ್ಡವ್ವ ಸ್ಪೀಕರಿನ ಕಡೆ ತಲೆ ವಾಲಿಸಿದ್ದಳು. ಇದು ಉಸುರು ತಗೊಳ್ಳಾದಿಲ್ಲೇನೇ. ಇಲ್ಲ ದೊಡ್ಡವ್ವ, ತಪ್ಪಾತು, ನಿಲ್ಲಿಸ್ತೀನಿ ಇರು. ಸುಮ್ಕಿರು, ಎಂದಳು, ಕಣ್ಣು ಮುಚ್ಚಿದಳು.

ಹೊಳೆಯಾಚೆ ದೀಪ ಹಿಡಿದವರು ಯಾರೋ — ಹುಬ್ಬು ಹಾರಿತು, ಗುತ್ತೆಪ್ಪಜ್ಜನ ಕೈ ತಾನಾಗಿ ಮನೆಗಳ ಮೇಲೆ ಇಳಿಯಿತು, ನಾನು ಉಸಿರು ಹಿಡಿದೆ, ಪರದೆಯ ಮೇಲೆ ಕೆಂಪು ಗೆರೆ ಓಡುತ್ತಿದೆ, ಬೀಳುತ್ತಿದೆ, ಎಲ್ಲ ಬೀಳುತ್ತಿದೆ, ಅವನ ಬೆರಳು ಚುಕ್ಕಿ ಚುಕ್ಕಿಯಾಗಿ, ಅವಳ ದನಿ ಅಲೆಯಾಗಿ, ನಾನು ಹುಟ್ಟುವ ಮೊದಲಿನ ಯಾವುದೋ ರಾತ್ರಿಯ ರಾಣಿ ಈ ಹತ್ತಿ ಸೀರೆಯೊಳಗಿಂದ ಎದ್ದು ಕೋಣೆಯನ್ನು ತುಂಬುತ್ತಿದ್ದಾಳೆ, ಇದು ಇಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ, ಹಬ್ಬದಲ್ಲಿ ಒಲೆಯ ಮುಂದೆ ಗುನುಗುತ್ತಿದ್ದವಳು ಇವಳಲ್ಲ, ಕಿಟಕಿಯಾಚೆ ಹಾಸ್ಟೆಲ್ ಹುಡುಗರು ಬೈಕು ನಿಲ್ಲಿಸಿ ಮೇಲೆ ನೋಡುತ್ತಿದ್ದಾರೆ, ದೀಪ ಹಿಡಿದವರು ಯಾ — ಗಡ್ಡೆ ಏರಿತು, ಏರಿತು, ಇಳಿಯಲಿಲ್ಲ, ದನಿ ತುದಿ ಮುಟ್ಟಿತು, ಮುಟ್ಟಿದ್ದೇ ಪರ್ರೆಂದು ಹರಿಯಿತು. ಅವಳು ನಿಲ್ಲಲಿಲ್ಲ. ಹರಿದದ್ದನ್ನು ದಾಟಿಕೊಂಡು ಮೆಟ್ಟಿಲು ಮೆಟ್ಟಿಲಾಗಿ ಇಳಿದು ಸಾಗೆ ಬಂದು ನಿಂತಳು, ಆ ಬಿಡದ ಸ್ವರ ಅಲ್ಲೇ ಇತ್ತು, ಅದಕ್ಕೆ ಏನೂ ಆಗಿರಲಿಲ್ಲ.

ಎಲ್ಲವನ್ನೂ ಬಿಡಿಸುವ ಗುಂಡಿಯೊತ್ತಿದೆ, ಮೌನ ಕಿವಿಗೆ ಬಡಿಯಿತು. ಗುತ್ತೆಪ್ಪಜ್ಜ ಹೆಗಲ ಟವಲಿನಿಂದ ಮುಖ ಒರೆಸುತ್ತ, ಅದೊಂದು ಜಾಗ ಹರೀತಲ್ಲ ಹಂಪವ್ವ, ಅಂದ. ನನಗೂ ಕಿವಿ ಐತೆ, ಅಂದಳು ದೊಡ್ಡವ್ವ. ನಾನು ಪರದೆಗೆ ಹೋದೆ, ಒಂದು ಅಂಕಿ ಬದಲಾಯಿಸಿದೆ, ಅಷ್ಟೇ ಸಾಕು, ಮುದುಕ ನುಡಿಸಿದ್ದೆಲ್ಲ, ಹಾರ್ಮೋನಿಯಂ, ಕ್ಲಾರಿನೆಟ್, ಎಲ್ಲ ಒಟ್ಟಿಗೆ ಎರಡು ಮನೆ ಕೆಳಗಿಳಿದು ಕರಿ ಎರಡರಲ್ಲಿ ನಿಂತವು, ಒಂದೂ ನೋಯಲಿಲ್ಲ, ಒಂದೂ ಹರಿಯಲಿಲ್ಲ, ಈ ಕೋಣೆಯಲ್ಲಿ ಇಳಿಸಲಾಗದ್ದು ಒಂದೇ ಒಂದು ಎಂದು ಆಗ ಹೊಳೆಯಿತು, ಆದರೂ ಬಾಯಿ ಮಾತಾಡುತ್ತಲೇ ಹೋಯಿತು, ದೊಡ್ಡವ್ವ, ಇಲ್ಲಿ ಕೇಳು, ಎಷ್ಟು ಹಗುರ ಐತೆ ನೋಡು, ಇಲ್ಲಿ ಇನ್ನೊಂದ್ಸಲ ಹಾಡು, ತುದಿ ಹರಿಯಲ್ಲ, ಮೊದಲಿಂದು ಅಳಿಸಿಬಿಡ್ತೀನಿ, ಯಾರಿಗೂ ಗೊತ್ತಾಗಲ್ಲ, ಆಪರೇಷನ್ ಆದ್ಮ್ಯಾಲೂ ಹೆದರಬ್ಯಾಡ, ನಿನ್ನ ಗಂಟಲು ಎಲ್ಲಿ ನಿಲ್ತತೋ ಅಲ್ಲಿಗೆ ಇವನ್ನೆಲ್ಲ ನಾನು ಇಳಿಸಿಕೊಡ್ತೀನಿ. ಅವಳು ಲೋಟ ಎತ್ತಿದಳು. ನೀರು ಗುಟುಕು ಗುಟುಕಾಗಿ ಹೋಯಿತು, ಗಡ್ಡೆ ಏರಿತು, ಇಳಿಯಿತು, ಏರಿತು, ನನ್ನ ಕಣ್ಣು ಅಲ್ಲಿ, ಬೆರಳು ಅಳಿಸುವ ಗುಂಡಿಯ ಮೇಲೆ, ಏರಿತು — ಲೋಟ ಕೆಳಗಿಟ್ಟಳು.

ಬ್ಯಾಡ, ಅಂದಳು, ಹರಿದದ್ದು ಹಂಗೇ ಇರ್ಲಿ.