ಐದನೇ ಜೇಬು

ಸೊಸೆ ಬರೆದ ಪುಸ್ತಕದ ದೇಶದಲ್ಲಿ ಹುಟ್ಟಿದವರೆಲ್ಲ ಸಿಪಾಯಿಗಳೇ. ಏಳನೇ ವರ್ಷಕ್ಕೆ ತಲೆಗೂದಲು ಕತ್ತರಿಸಿ, ಎದೆಯ ಮೇಲೆ ಒಂದು ಅಂಕಿ ಹೊಲಿದುಬಿಟ್ಟರೆ ಅಲ್ಲಿಂದ ಮುಂದೆ ಸಾಯುವತನಕ ಎಲ್ಲವೂ ಶಿಳ್ಳೆಯ ಲೆಕ್ಕ. ರೊಟ್ಟಿ ಸುಡುವವನಿಗೂ ದರ್ಜೆ, ಹೆರಿಗೆ ಮಾಡಿಸುವವಳಿಗೂ ದರ್ಜೆ, ಊರ ಬಾವಿಗೆ ಕೂಡ ಒಂದು ದರ್ಜೆ ಕೊಟ್ಟಿದ್ದಳು. ನಾಲ್ಕು ವರ್ಷ ಕೂತು ಕಟ್ಟಿದ ದೇಶ ಅದು. ಹಗಲೆಲ್ಲ ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವವಳಾದ್ದರಿಂದ ಕೋಟೆ, ಕಂದಕ, ಕವಾಯತು ಮೈದಾನ ಯಾವುದರಲ್ಲೂ ಅಳತೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಪ್ರಕಾಶಕರು ಹಸ್ತಪ್ರತಿ ಓದಿ ಮುಗಿಸಿ, ಕನ್ನಡಕ ತೆಗೆದು ಒರೆಸುತ್ತ ಕೂತರು. ಅವರು ಕನ್ನಡಕ ಒರೆಸಿದರೆಂದರೆ ಒಳ್ಳೆಯ ಮಾತು ಬರುವುದಿಲ್ಲವೆಂದು ಅಲ್ಲಿಗೆ ಹೋಗಿಬರುವವರಿಗೆಲ್ಲ ಗೊತ್ತು.

“ಗೋಡೆ ಗಟ್ಟಿಯಾಗಿದೆಯಮ್ಮ. ಒಳಗೆ ಯಾರೂ ಇಲ್ಲ,” ಎಂದರು. “ಮುನ್ನೂರು ಪುಟ ಓದಿದೆ. ಒಬ್ಬನಿಗಾದರೂ ಬೆನ್ನು ತುರಿಸಬೇಡವೇ?”

ಒಂಬತ್ತು ದಿನದ ಗಡುವು ಕೊಟ್ಟರು. ಮುಂದಿನ ಶನಿವಾರದೊಳಗೆ ಆ ದೇಶ ನಂಬುವ ಹಾಗಾದರೆ ಸೋಮವಾರ ಅಚ್ಚಿಗೆ, ಇಲ್ಲದಿದ್ದರೆ ಅವರ ಬೆನ್ನ ಹಿಂದಿನ ಕಪಾಟಿಗೆ. ಆ ಕಪಾಟಿಗೆ ಹೋದ ಹಸ್ತಪ್ರತಿ ತಿರುಗಿ ಬೆಳಕು ಕಂಡದ್ದನ್ನು ನೋಡಿದವರಿಲ್ಲ.

ನಂಬಿಕೆ ಬರಬೇಕಾದರೆ ಈಗಿರುವ ಬಿಗಿ ಸಾಲದು ಎಂದುಕೊಂಡ ಸೊಸೆ ಮನೆಗೆ ಬಂದವಳೇ ಕಾನೂನು ಹೆಚ್ಚಿಸಲು ಕೂತಳು. ಎರಡು ದಿನದಲ್ಲಿ ಹದಿನೇಳು ಹೊಸ ಶಿಕ್ಷೆ, ನಾಲ್ಕು ಸೆರೆಮನೆ. ಸಾಲಿನಲ್ಲಿ ನಿಂತು ಆಕಳಿಸುವುದೂ ಅಪರಾಧವಾಯಿತು. ಬರೆದದ್ದನ್ನೆಲ್ಲ ಅತ್ತೆಗೆ ಓದಿ ಹೇಳಿದಳು. ಅತ್ತೆ ಮೂವತ್ತೊಂದು ವರ್ಷ ಸೈನ್ಯದ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿದವರು. ಕತ್ತರಿ ಕೂತ ಜಾಗ ಹೆಬ್ಬೆರಳಿನಲ್ಲಿ ಇನ್ನೂ ಜಡ್ಡುಗಟ್ಟಿತ್ತು. ಬಟಾಣಿ ಸುಲಿಯುತ್ತ ಎಲ್ಲವನ್ನೂ ಕೇಳಿಸಿಕೊಂಡರು. ಹೇಗಿದೆ ಎಂದು ಕೇಳಿದರೆ, ಪಾಪ, ಹೊತ್ತುಹೊತ್ತಿಗೆ ಉಣ್ಣುತ್ತಾರಲ್ಲ, ಅದೇ ಸಮಾಧಾನ ಎಂದರು. ಗಡಿಯಾರ ರಿಪೇರಿ ಮಾಡುವ ಮಗ ಅಷ್ಟಕ್ಕೇ ಬಿಡಲಿಲ್ಲ. ತನ್ನ ಅಂಗಡಿಯ ಗಡಿಯಾರಗಳೂ ಇಷ್ಟು ಒಗ್ಗಟ್ಟಿನಿಂದ ಓಡುವುದಿಲ್ಲ ಎಂದು ಹೆಂಡತಿಯನ್ನು ಛೇಡಿಸಿದ. ನಾಳೆ ಭಾನುವಾರ, ಒಂದು ದಿನ ಮನೆಯಲ್ಲಿ ಇದೇ ಕಾನೂನು ನಡೆಸಿ ನೋಡೋಣ ಎಂದು ಹೊರಟವನೂ ಅವನೇ.

ಪುಸ್ತಕದ ಪ್ರಕಾರ ದರ್ಜೆ ಸೇವೆಯ ವರ್ಷಗಳ ಮೇಲೆ. ಹಾಗಾಗಿ ಅತ್ತೆ ದಂಡನಾಯಕಿಯಾದರು, ಸೊಸೆ ತಪಾಸಣಾಧಿಕಾರಿ. ಜನ್ಮದಲ್ಲಿ ಒಬ್ಬರ ಕೈಕೆಳಗೆ ದುಡಿಯದ ಗಂಡ ಕಾಲಾಳಾದ.

ಬೆಳಗಿನ ಐದಕ್ಕೆ ಶಿಳ್ಳೆ ಕೂಗಿತು. ಹಾಸಿಗೆಯ ನಾಲ್ಕು ಮೂಲೆ ಮಡಚಿ, ಚಪ್ಪಲಿಗಳನ್ನು ಗೆರೆ ಎಳೆದ ಹಾಗೆ ಜೋಡಿಸಿ, ಮೂವರೂ ಅಡುಗೆಮನೆಯಲ್ಲಿ ಎದೆ ಸೆಟೆಸಿ ನಿಂತರು. ಮೇಲಿನ ದರ್ಜೆಯವರೊಡನೆ ಮಾತಾಡಬೇಕಾದರೆ ಮೂರು ಸಲ ಅಪ್ಪಣೆ ಬೇಡಬೇಕು. ಕಾಲಾಳಿಗೆ ಉಪ್ಪು ಬೇಕಾಯಿತು. ಅವನು ಮೂರು ಸಲ ಅಪ್ಪಣೆ ಬೇಡಿ, ತಪಾಸಣಾಧಿಕಾರಿ ಅದನ್ನು ದಂಡನಾಯಕಿಗೆ ಮುಟ್ಟಿಸಿ, ದಂಡನಾಯಕಿ ತಲೆಯಾಡಿಸುವ ಹೊತ್ತಿಗೆ ತಟ್ಟೆಯಲ್ಲಿದ್ದದ್ದು ಆರಿ ತಣ್ಣಗಾಗಿತ್ತು. ಆದರೂ ಒಂಬತ್ತರವರೆಗೆ ಎಲ್ಲ ಸುಸೂತ್ರ. ಸೊಸೆಯ ಮುಖ ಅರಳಿತು.

ಹತ್ತು ಗಂಟೆಯ ಹಾಜರಿಗೆ ಕಾಲಾಳು ಇಲ್ಲ. ಹುಡುಕಿದರೆ ಬಟ್ಟೆಯ ಬೀರುವಿನ ಮರೆಯಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ, ಕೈಯಲ್ಲಿ ಬಿಸ್ಕತ್ತು, ಮಡಿಲಲ್ಲಿ ಇನ್ನೆರಡು. ತಿಂಡಿಗೂ ಊಟಕ್ಕೂ ನಡುವೆ ಏನು ತಿಂದರೂ ಅಪರಾಧ.

“ನನ್ನ ದೇಶದಲ್ಲಿ ಯಾರೂ ಹೀಗೆ ಮಾಡಲ್ಲ ರೀ,” ಎಂದಳು ಸೊಸೆ. ಆಟವೆಂಬುದು ಮರೆತುಹೋಗಿ ನಿಜಕ್ಕೂ ಸಿಟ್ಟು ಬಂದಿತ್ತು.

“ಹಸಿವಾದರೆ ಮಾಡ್ತಾರೆ ಕಣೇ,” ಎಂದ ಗಂಡ, ಬಾಯ್ತುಂಬ ಬಿಸ್ಕತ್ತು.

ಅಪರಾಧಿಯನ್ನು ದಂಡನಾಯಕಿಯ ಮುಂದೆ ನಿಲ್ಲಿಸಿ ತೀರ್ಪು ಕೇಳಿದಳು. ದಂಡನಾಯಕಿ ಬಾಯಿ ಬಿಡಲಿಲ್ಲ. ಮತ್ತೊಮ್ಮೆ ಕೇಳಿದರೂ ಬಿಡಲಿಲ್ಲ. ಬಗ್ಗಿ ನೋಡಿದರೆ ಎಡಗೆನ್ನೆ ಸ್ವಲ್ಪ ಉಬ್ಬಿತ್ತು. ನಿಂಬೆಹುಳಿ ಪೆಪ್ಪರಮೆಂಟು.

ಸೊಸೆ ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನಾಲ್ಕು ವರ್ಷ ಕಟ್ಟಿದ ದೇಶ ಐದು ತಾಸು ನಿಲ್ಲಲಿಲ್ಲ ಎನ್ನುವಾಗ ದನಿ ಸಣ್ಣಗಾಗಿತ್ತು. ಪ್ರಕಾಶಕರ ಕಪಾಟು ಕಣ್ಣ ಮುಂದೆ ಬಾಗಿಲು ತೆರೆದುಕೊಂಡು ನಿಂತಿತ್ತು.

ಅತ್ತೆ ಪೆಪ್ಪರಮೆಂಟನ್ನು ಬಲಗೆನ್ನೆಗೆ ದಾಟಿಸಿದರು.

“ನಿಲ್ಲಲಿಲ್ಲ ಅಂತ ಯಾರಂದರು? ಈಗ ತಾನೇ ಎದ್ದು ನಿಂತಿದೆ ಅದು,” ಎಂದು, ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋದರು.

ಪೆಟ್ಟಿಗೆಯ ತಳದಿಂದ ಕಾರ್ಖಾನೆಯ ಕಾಲದ, ಬೂದು ಬಣ್ಣದ ಒಂದು ಕೋಟು ತಂದು ಸೊಸೆಯ ತೊಡೆಯ ಮೇಲೆ ಹಾಕಿದರು. ಎಷ್ಟು ಜೇಬು, ಎಣಿಸಿ ಹೇಳು ಎಂದರು. ಸೊಸೆ ನಕ್ಷೆ ನೋಡುವ ಕಣ್ಣಿನಿಂದ ಮೇಲೆ ಕೆಳಗೆ ನೋಡಿ, ಎದೆಗೆರಡು, ಪಕ್ಕಕ್ಕೆರಡು, ಒಟ್ಟು ನಾಲ್ಕು ಎಂದಳು. ಸೈನ್ಯದ ಕಾನೂನಿನಲ್ಲೂ ನಾಲ್ಕೇ ಇರುವುದು ಎಂದು ಅತ್ತೆ ಕೋಟಿನ ಒಳಮೈ ಹೊರಗೆ ತಿರುವಿದರು. ಎಡಗಂಕುಳ ಕೆಳಗೆ, ಒಳಪದರದ ಅಸ್ತರಿನ ಹೊಲಿಗೆ ಹಾದುಹೋಗುವ ಕಡೆ, ಮೂರು ಬೆರಳು ಹಿಡಿಯುವಷ್ಟು ಒಂದು ಜೇಬಿನ ಬಾಯಿ ಇತ್ತು.

ಅತ್ತೆ ಕಾರ್ಖಾನೆಗೆ ಸೇರಿದ ಹೊಸತಂತೆ. ಎಳೆ ಎಳೆಗೂ ನಿಯಮ ನೋಡಿಕೊಂಡು, ಅಂಗುಲ ಅತ್ತಿತ್ತಾಗದಂತೆ ಕತ್ತರಿಸಿದ ನಲವತ್ತು ಕೋಟುಗಳು ದಂಡಿನಿಂದ ವಾಪಸು ಬಂದವು. ಮೈಗೆ ಹೊಂದುವುದಿಲ್ಲ ಎಂದು ಚೀಟಿ. ಟೇಪು ಹಿಡಿದು ನೋಡಿದರೆ ಎಲ್ಲೂ ತಪ್ಪಿಲ್ಲ. ಅತ್ತೆ ಮೂಲೆಯಲ್ಲಿ ಕೂತು ಅತ್ತರು. ಅಲ್ಲಿನ ಮುದುಕ ಮೇಸ್ತ್ರಿ ಒಂದು ಮಾತಾಡದೆ ನಲವತ್ತಕ್ಕೂ ಅಸ್ತರು ಬಿಚ್ಚಿ ಈ ಜೇಬು ಕೂರಿಸಿ ಕಳಿಸಿದ. ನಲವತ್ತೂ ಮೈಗೆ ಹೊಂದಿದವು. ಅಲ್ಲಿಂದ ಮೂವತ್ತೊಂದು ವರ್ಷ ಯಾರೂ ಅದರ ಸುದ್ದಿ ಎತ್ತಲಿಲ್ಲ. ತಪಾಸಣೆಗೆ ಬರುತ್ತಿದ್ದ ಸಾಹೇಬರು ಗುಂಡಿ ಎಳೆದು ನೋಡುವರು, ಕಾಜ ನೋಡುವರು, ಕಾಲರು ನೋಡುವರು. ಅಸ್ತರಿನ ಸರದಿ ಬಂದಾಗ ಮಾತ್ರ ಕಿಟಕಿಯಾಚೆ ನೋಡುವರು, ಹಕ್ಕಿ ಎಣಿಸುವವರ ಹಾಗೆ. ರುಜು ಹಾಕುವ ಮುನ್ನ ತಮ್ಮ ಕೋಟಿನ ಎಡಮಗ್ಗುಲನ್ನು ಎರಡು ಬೆರಳಿನಿಂದ ಒಮ್ಮೆ ಮುಟ್ಟಿ ನೋಡಿಕೊಳ್ಳುವರು.

“ಅದರಲ್ಲಿ ಏನಿಟ್ಟುಕೊಳ್ತಿದ್ದರು ಅತ್ತೆ?”

“ಯಾರಿಗೆ ಗೊತ್ತು? ಒಬ್ಬನದು ರಿಪೇರಿಗೆ ಬಂದಾಗ ಮಗೂದು ಒಂದು ಹಾಲುಹಲ್ಲು ಸಿಕ್ಕಿತು. ಹಾಗೇ ಇಟ್ಟು ಕಳಿಸಿದೆವು.” ಅತ್ತೆ ಕೋಟು ಮಡಚಿದರು. “ನಿನ್ನ ಜನಕ್ಕೆ ನಾಲ್ಕೇ ಜೇಬು ಕೊಟ್ಟಿದ್ದೀಯಲ್ಲಮ್ಮ, ಬದುಕೋದು ಹೇಗೆ?”

ಕಾಲಾಳು ಉಳಿದ ಬಿಸ್ಕತ್ತುಗಳಲ್ಲಿ ಒಂದನ್ನು ತಪಾಸಣಾಧಿಕಾರಿಗೆ ಚಾಚಿದ. ಅವಳು ಬಾಗಿಲ ಕಡೆ ಒಂದು ಸಲ ನೋಡಿ ತೆಗೆದುಕೊಂಡಳು.

ಸೋಮವಾರದಿಂದ ಶುಕ್ರವಾರದವರೆಗೆ, ಕಚೇರಿಗೆ ರಜೆ ಹಾಕಿ, ಸೊಸೆ ಆ ದೇಶವನ್ನು ಅಸ್ತರು ಬಿಚ್ಚಿದಂತೆ ಬಿಚ್ಚಿದಳು. ಹದಿನೇಳು ಶಿಕ್ಷೆಗಳಲ್ಲಿ ಹದಿನಾಲ್ಕನ್ನು ಕಿತ್ತು ಹಾಕಿದಳು. ಶಿಳ್ಳೆ, ದರ್ಜೆ, ಸಾಲು ಎಲ್ಲ ಇದ್ದಲ್ಲೇ ಇದ್ದವು. ಆದರೆ ಈಗ ಶಿಳ್ಳೆ ಊದುವವನಿಗೆ ಪಕ್ಕದ ಬೀದಿಯಲ್ಲೊಬ್ಬ ಬಾಣಂತಿ ತಂಗಿ ಇದ್ದಳು. ಅಲ್ಲಿ ಮಾತ್ರ ಅವನ ಶಿಳ್ಳೆಗೆ ಉಸಿರು ಸಾಲುತ್ತಿರಲಿಲ್ಲ. ಅಡುಗೆಯವನ ಸೌಟು ದರ್ಜೆ ನೋಡಿ ಬಡಿಸುತ್ತಿತ್ತು, ಮುಖ ನೋಡಿ ಆಳಕ್ಕೆ ಇಳಿಯುತ್ತಿತ್ತು. ಕೊನೆಯ ಅಧ್ಯಾಯದಲ್ಲಿ ಮಹಾದಂಡನಾಯಕನ ಕೋಟು ರಿಪೇರಿಗೆ ಬರುತ್ತದೆ. ದರ್ಜಿ ಹೆಂಗಸು ಐದನೇ ಜೇಬಿಗೆ ಬೆರಳಿಟ್ಟು, ಸಿಕ್ಕಿದ್ದನ್ನು ಹಾಗೇ ಒಳಗೆ ಬಿಟ್ಟು, ಸಡಿಲಾದ ಅಂಚಿಗೆ ಎರಡು ಹೊಲಿಗೆ ಹಾಕಿ ಕಳಿಸುತ್ತಾಳೆ.

ಶನಿವಾರ ಪ್ರಕಾಶಕರು ಅವಳನ್ನು ಎದುರಿಗೆ ಕೂರಿಸಿಕೊಂಡೇ ಓದಿದರು. ಸಕ್ಕರೆ ಕಾಯಿಲೆಯ ಮನುಷ್ಯ. ಮೇಜಿನ ಮೇಲೆ ಸಪ್ಪೆ ಚಹಾ ಆರುತ್ತಿತ್ತು. ಒಂದು ಸಲ ನಕ್ಕರು, ಒಂದು ಸಲ ಬೆನ್ನು ಕೆರೆದುಕೊಂಡರು. ಕನ್ನಡಕ ಮೂಗಿನ ಮೇಲಿಂದ ಇಳಿಯಲಿಲ್ಲ.

“ಆ ಜೇಬಿನಲ್ಲಿ ಏನಿತ್ತಮ್ಮ?” ಎಂದು ಕೇಳಿದರು ಕೊನೆಗೆ.

“ನಮ್ಮ ದಂಡನಾಯಕಿ ಅಪ್ಪಣೆ ಇಲ್ಲದೆ ಹೇಳೋ ಹಾಗಿಲ್ಲ, ಸರ್.”

ಅವರು ಗೊಣಗಿಕೊಂಡು ಅಚ್ಚುಕೂಟಕ್ಕೆ ಚೀಟಿ ಬರೆದರು. ಸೋಮವಾರವೇ ಶುರುವಾಗಲಿ ಎಂದು ಬರೆದು, ರುಜು ಹಾಕುವ ಮುನ್ನ, ತಮಗೇ ತಿಳಿಯದಂತೆ ಎರಡು ಬೆರಳಿನಿಂದ ಕೋಟಿನ ಎಡಮಗ್ಗುಲನ್ನು ಮುಟ್ಟಿಕೊಂಡರು. ಒಳಗೆಲ್ಲೋ ಪೆಪ್ಪರಮೆಂಟಿನ ಕಾಗದ ಸಣ್ಣಗೆ ಚರಕ್ಕೆಂದಿತು.

ಸೊಸೆ ಆಗಲೇ ಕಿಟಕಿಯಾಚೆ ನೋಡುತ್ತಿದ್ದಳು. ಎದುರು ಮಾಡಿನ ಮೇಲೆ ಪಾರಿವಾಳಗಳು ಮೂರಿದ್ದವು. ಇನ್ನೊಂದು ಸಲ ಎಣಿಸಿದಳು.