ಟಂಟಂ ಸಾಲೂದಿಲ್ಲ

"ಅಣ್ಣಾರ, ಇದು ಟಂಟಂ ಕೆಲಸ ಅಲ್ಲ ಬಿಡ್ರಿ," ಎಂದ ವಾಸೀಮ್.

ತನ್ನ ಮೂರು ಗಾಲಿಯ ಟಂಟಂ ಗಾಡಿಯ ಕೀಲಿಯನ್ನು ಬೆರಳಿಗೆ ಸಿಕ್ಕಿಸಿಕೊಂಡು ಅವನು ಹೊಸ್ತಿಲಲ್ಲೇ ನಿಂತಿದ್ದ. ಒಳಗೆ ಕಾಲಿಡಲು ಜಾಗವೇ ಇರಲಿಲ್ಲ. ಪಡಸಾಲೆಗೂ ಹಿಂದಿನ ಖೋಲಿಗೂ ನಡುವೆ ನಿನ್ನೆ ಸಂಜೆಯವರೆಗೆ ನಿಂತಿದ್ದ ಮಣ್ಣಿನ ಗೋಡೆ ಈಗ ಸೊಂಟದೆತ್ತರದ ಗುಡ್ಡೆಯಾಗಿ ಬಿದ್ದಿತ್ತು. ಗೋಡೆ ಇದ್ದಷ್ಟು ಕಾಲ ಯಾರ ಕಣ್ಣಿಗೂ ಬೀಳದಿದ್ದ ಹಿಂದಿನ ಖೋಲಿಯ ಸಂಪತ್ತೆಲ್ಲ ಅದರಾಚೆ ಬಯಲಾಗಿತ್ತು. ಸುಟ್ಟ ಮೋಟರುಗಳ ಕವಚಗಳು, ರೆಕ್ಕೆ ಕಳೆದುಕೊಂಡ ಫ್ಯಾನುಗಳು, ಬುಡ ಇದ್ದು ಜಾರ್ ಇಲ್ಲದ, ಜಾರ್ ಇದ್ದು ಬುಡವಿಲ್ಲದ ಮಿಕ್ಸರುಗಳು, ಹೊಟ್ಟೆ ಬಗೆದ ಎರಡು ಟೀವಿ, ಗೋಣಿಚೀಲಗಳಲ್ಲಿ ಏನೇನೋ.

ಶಟ್ಟೆಪ್ಪ ತಲೆಗೆ ಟವೆಲ್ ಸುತ್ತಿಕೊಂಡು ಮಣ್ಣಿನ ಗುಡ್ಡೆಯ ಮೇಲೆ ಕೂತಿದ್ದ. ಹುಬ್ಬು, ಮೀಸೆ ಎರಡೂ ಬಿಳಿಮಣ್ಣಿನ ಬಣ್ಣಕ್ಕೆ ತಿರುಗಿ, ನಲವತ್ತಾರರ ಆಳು ಎಪ್ಪತ್ತರವನಂತೆ ಕಾಣುತ್ತಿದ್ದ.

"ಸಾಮಾನಿನ ಸುದ್ದಿ ಬಿಡೋ. ಮಣ್ಣಷ್ಟ ಒಯ್ದರ ಸಾಕು," ಎಂದ.

"ಮಣ್ಣಿಂದ ಹೇಳಾಕ ಹತ್ತೇನ್ರಿ ನಾ. ಕಾಣಾಕ ಇಷ್ಟ ಕಾಣತೈತಿ. ಹಿಂದ ಹೇರಿದ್ರ ಮುಂದಿನ ಗಾಲಿ ಎದ್ದು ನಿಂತಕೋತೈತಿ ನನ್ನ ಗಾಡೀದು."

"ಹಂಗಾರ ಟಿಪ್ಪರ್ ಹೇಳ್ಲೇನು?"

"ಟಿಪ್ಪರ್ ಈ ಓಣ್ಯಾಗ ಹಿಡಿಸೂದಿಲ್ರಿ. ಎದುರಮನಿ ಪದ್ಮವ್ವಾರ ಕಟ್ಟಿ ಕೆಡವಿಕೊಂಡು ಒಳಗ ಬರಬೇಕು. ಅದನ್ನ ಒಯ್ಯಾಕ ಮತ್ತೊಂದು ಟಿಪ್ಪರ್ ಬೇಕು." ವಾಸೀಮ್ ಒಳಗೆ ಇನ್ನೊಮ್ಮೆ ಇಣುಕಿದ. "ನಮ್ಮ ಅಬ್ಬಾನ ಟ್ರ್ಯಾಕ್ಟರ್ ಹೇಳ್ರಿ. ಟ್ರಾಲಿ ಒಂದಾದ್ರ ಮಣ್ಣಿಗೆ, ಎರಡಾದ್ರ ಎಲ್ಲಾದಕ್ಕೂ."

ಶಟ್ಟೆಪ್ಪನಿಗೆ ಟ್ರಾಲಿಯ ಮಾತು ಹಿಡಿಸಲಿಲ್ಲ. ಟಂಟಂ ಎಂದರೆ ಒಂದು ಲೆಕ್ಕ. ಬೇಡವಾದದ್ದಿಷ್ಟನ್ನು ಹಾಕಿ ಕಳಿಸಿದರೆ ಆಯಿತು. ಟ್ರಾಲಿ ಬಾಯಿ ತೆರೆದುಕೊಂಡು ಬಾಗಿಲಿಗೆ ಬಂದು ನಿಂತರೆ ಅಕ್ಕ ಮರೆವ್ವ ಅದನ್ನು ತುಂಬಿಸದೆ ಬಿಡುವವಳಲ್ಲ.

ಇಷ್ಟಕ್ಕೆಲ್ಲ ಕಾರಣ ಒಂದು ಮಾತು. ರಾಮದುರ್ಗದ ಬಸ್‌ಸ್ಟ್ಯಾಂಡಿನ ಹತ್ತಿರ ಶಟ್ಟೆಪ್ಪನದೊಂದು ಮೋಟರ್ ವೈಂಡಿಂಗ್ ಅಂಗಡಿ. ಮಲಪ್ರಭೆಯ ದಂಡೆಯ ಹೊಲಗಳಲ್ಲಿ ಯಾವ ಪಂಪು ಸುಟ್ಟರೂ ಅದು ಅವನ ಮುಂದೆ ಬಂದು ಕೂರುತ್ತಿತ್ತು. ಕೈಕೆಲಸದಲ್ಲಿ ಎರಡು ಮಾತಿಲ್ಲದ ಮನುಷ್ಯ; ಬಾಯಿಂದ ಮಾತ್ರ ಮಾತು ಹೊರಡುವುದು ಕಷ್ಟ. ಅಪ್ಪ ಹೋದ ಮೇಲೆ ತಂಗಿಯರ ಮದುವೆ, ಆಮೇಲೆ ಅವ್ವನ ಕಾಯಿಲೆ ಎಂದು ವರ್ಷಗಳು ಸರಿದು, ತನ್ನ ಮದುವೆಯ ಸುದ್ದಿಯನ್ನು ಅವನೂ ಊರಿನವರೂ ಒಟ್ಟಿಗೇ ಮರೆತಿದ್ದರು. ಮರೆಯದೆ ಉಳಿದವಳು ಮರೆವ್ವ ಒಬ್ಬಳೇ. ಅವಳೇ ಹೂಲಿಯ ಭಾಗ್ಯಾಳನ್ನು ಹುಡುಕಿ ತಂದಳು. ಭಾಗ್ಯಾ ನಲವತ್ತೊಂದರವಳು, ಗಂಡ ತೀರಿ ಹನ್ನೆರಡು ವರ್ಷ. ಬಟ್ಟೆ ಹೊಲಿದು ತನ್ನ ಕಾಲ ಮೇಲೆ ನಿಂತವಳು. ಹೋದ ತಿಂಗಳು ಸೋದರಮಾವನ ಜೊತೆ ಮನೆ ನೋಡಲು ಬಂದಾಗ, ಚಹದ ಕಪ್ಪು ಕೆಳಗಿಟ್ಟು ಒಂದೇ ಒಂದು ಮಾತು ಕೇಳಿದ್ದಳು: "ಈ ಗ್ವಾಡಿ ನಡುವ ಯಾಕೈತ್ರಿ?"

ಅದು ಭಾರ ಹೊರುವ ಗೋಡೆ ಆಗಿರಲಿಲ್ಲ. ಅಪ್ಪ ಎಂದೋ ಹಿಂದಿನ ಖೋಲಿಯನ್ನು ಬಾಡಿಗೆಗೆ ಕೊಡಲೆಂದು ಎಬ್ಬಿಸಿದ್ದು. ಬಾಡಿಗೆಗೆ ಯಾರೂ ಬರಲಿಲ್ಲ, ಗೋಡೆ ಉಳಿಯಿತು. ಮದುವೆ ಬರುವ ಗುರುವಾರ, ರಿಜಿಸ್ಟರ್ ಆಫೀಸಿನಲ್ಲಿ. ಅದಕ್ಕೂ ಮೊದಲು ಭಾನುವಾರ ಭಾಗ್ಯಾ ಮತ್ತೊಮ್ಮೆ ಬರುವವಳಿದ್ದಳು. ಶುಕ್ರವಾರ ಶಟ್ಟೆಪ್ಪ ಗುದ್ದಲಿ ಎತ್ತಿಕೊಂಡ.

"ಟ್ರಾಲೀನ ತರಸು," ಎಂಬ ದನಿ ಓಣಿಯಿಂದಲೇ ಕೇಳಿಸಿತು. ಮರೆವ್ವ ರೊಟ್ಟಿಯ ಡಬ್ಬಿ ಹಿಡಿದು ಬರುತ್ತಿದ್ದಳು. "ವಾಸೀಮಾ, ನಿಮ್ಮ ಅಪ್ಪಗ ಫೋನ್ ಹಚ್ಚು. ಇವನ್ನ ಕೇಳಬ್ಯಾಡ."

ವಾಸೀಮನ ಅಪ್ಪ ಟಿಪ್ಪುಸಾಬ ಅರ್ಧ ತಾಸಿನಲ್ಲಿ ಬಂದ. ಮದರಂಗಿ ಹಚ್ಚಿದ ಗಡ್ಡದ, ಅರವತ್ತು ದಾಟಿದ ಮನುಷ್ಯ. ಟ್ರಾಲಿ ಕಟ್ಟಿದ ಟ್ರ್ಯಾಕ್ಟರನ್ನು ಆ ಓಣಿಯಲ್ಲಿ ಹಿಮ್ಮುಖವಾಗಿ ತರುವಾಗ ಅವನು ಎರಡು ಸಲ ಮಾತ್ರ ಹಿಂದೆ ತಿರುಗಿ ನೋಡಿದ. ಪದ್ಮವ್ವ ತನ್ನ ಕಟ್ಟೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿಯ ಚಾಪೆಯನ್ನು ಎತ್ತಿಕೊಳ್ಳಬೇಕೋ ಬೇಡವೋ ಎಂದು ನಿಂತಿದ್ದಳು. ಟ್ರಾಲಿ ಚಾಪೆಯ ಅಂಚಿಗೆ ಗೇಣು ಬಿಟ್ಟು ಹಾದುಹೋಯಿತು.

ಒಳಗೆ ಬಂದು ಟಿಪ್ಪುಸಾಬ ಮಣ್ಣಿನ ಹೆಂಟೆಯೊಂದನ್ನು ಅಂಗೈಯಲ್ಲಿ ಹಿಸುಕಿ ನೋಡಿದ. "ಹಳೇ ಮಣ್ಣು. ಇದನ್ನ ಎಲ್ಲೆಲ್ಲೋ ಒಗಿಯೂದು ಅಲ್ಲ ಶಟ್ಟೆಪ್ಪ. ಹೊಳಿ ಆಚಿಗೆ ನಿಜಗುಣಪ್ಪನ ಹೊಲಕ್ಕ ಹಾಕತೇನಿ. ಕೇಳಿ ಕೇಳಿ ಸಾಕಾಗ್ಯಾನ ಅವ, ಗೊಬ್ಬರ ಆಗತೈತಿ ಅಂತ. ಆದ್ರ ಇದರಾಗ ನಿನ್ನ ತಂತಿ, ಗಾಜು ಒಂದೂ ಇರಬಾರದು."

ಹನ್ನೊಂದರ ಹೊತ್ತಿಗೆ ಟ್ರಾಲಿ ಮಟ್ಟಸವಾಗಿ ತುಂಬಿತು. ವಾಸೀಮ್ ಹೇಳಿದ ಅಂದಾಜು ಬುಟ್ಟಿಯಷ್ಟೂ ತಪ್ಪಿರಲಿಲ್ಲ. ಮಣ್ಣಿಗೆ ದಾರಿ ಮಾಡಲೆಂದು ಖೋಲಿಯ ಸಾಮಾನೆಲ್ಲ ಹೊರಬಂದು, ಮನೆಯ ಮುಂದೆ ಓಣಿಯುದ್ದಕ್ಕೂ ಸಾಲಾಗಿ ಕೂತಿತ್ತು. ಬಿಸಿಲಿನಲ್ಲಿ ಅದು ಒಳಗೆ ಕಂಡದ್ದಕ್ಕಿಂತ ಎರಡರಷ್ಟು ಕಂಡಿತು.

ಟ್ರ್ಯಾಕ್ಟರ್ ಹತ್ತಿ ಟಿಪ್ಪುಸಾಬ ಕೇಳಿದ: "ಇದನ್ನ ಹಾಕಿ ತಿರುಗಿ ಬರ್ಲೇನು, ಈ ಸಾಮಾನಿಗೆ?"

"ಬ್ಯಾಡ ಕಾಕಾ. ವಾಸೀಮನ ಟಂಟಂ ಸಾಕು. ಕೆಟ್ಟದ್ದು ಅಷ್ಟ ಗುಜರಿಗೆ ಕಳಸತೇನಿ. ಉಳಿದದ್ದು ರಿಪೇರಿ ಆಗತೈತಿ."

ಮರೆವ್ವ ಹಣೆಗೆ ಕೈ ಹಚ್ಚಿಕೊಂಡಳು. ಟ್ರ್ಯಾಕ್ಟರ್ ಹೋಯಿತು.

ಶಟ್ಟೆಪ್ಪ ಕೆಟ್ಟದ್ದನ್ನು ಆರಿಸಲು ಕೂತ. ಮುಕ್ಕಾಲು ತಾಸಿನಲ್ಲಿ ಒಂದು ಟೀವಿಯ ಡಬ್ಬಿ ಹಾಗೂ ಮೂರು ಒಡೆದ ಜಾರು ಟಂಟಂ ಸೇರಿದವು. ಉಳಿದ ಪ್ರತಿಯೊಂದನ್ನೂ ಅವನು ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮತ್ತೆ ಅಲ್ಲೇ ಇಟ್ಟ. ವಾಸೀಮ್ ಗಾಡಿಯ ಸೀಟಿನಲ್ಲಿ ಕಾಲು ಚಾಚಿ ಮೊಬೈಲ್ ನೋಡತೊಡಗಿದ.

"ಶಟ್ಟೂ," ಎಂದಳು ಮರೆವ್ವ ಮೆಲ್ಲಗೆ. "ಅಲ್ಲಿ ನೋಡು."

ಓಣಿಯ ತಿರುವಿನಲ್ಲಿ ಭಾಗ್ಯಾ ಬರುತ್ತಿದ್ದಳು. ಒಂದು ಕೈಯಲ್ಲಿ ಬಟ್ಟೆ ಅಂಗಡಿಯ ಚೀಲ, ಇನ್ನೊಂದರಲ್ಲಿ ಛತ್ರಿ. ಶಟ್ಟೆಪ್ಪ ಎದ್ದವನೇ ಟಂಟಂ ಹಿಂದೆ ಸರಿದ. ಸರಿದ ಮೇಲೆ ಅಡಗಿದಂತಾಯಿತಲ್ಲ ಎಂದು ಹೊರಬಂದ. ಮುಖ ಒರೆಸಿಕೊಳ್ಳಲು ಹೋಗಿ, ಟವೆಲಿನಲ್ಲಿದ್ದ ಮಣ್ಣೂ ಮುಖಕ್ಕೆ ಬಂತು.

"ನಾಳೆ ಬರತೇನಿ ಅಂದಿದ್ರಿ," ಎಂದ.

"ನಾಳೇನೂ ಬರತೇನ್ರಿ. ಇವತ್ತು ಅಸ್ತರಿನ ಬಟ್ಟಿ ತಗೊಳ್ಳಾಕ ಬಂದಿದ್ದೆ. ಹಂಗ ಹೊಲಿಗಿ ಮಶೀನು ಎಲ್ಲಿ ಕೂಡತಾವು ನೋಡ್ಕೊಂಡು ಹೋಗೂಣು ಅಂತ..." ಅವಳ ಕಣ್ಣು ಸಾಮಾನಿನ ಸಾಲಿನ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಯಿತು. ಆಮೇಲೆ ತೆರೆದ ಬಾಗಿಲೊಳಗೆ ಹೋಗಿ ನಿಂತಿತು. "ನಡುವ ಗ್ವಾಡಿ ಇತ್ತಲ್ರೀ?"

"ಕೆಡವಿದೆ."

"ಯಾಕ್ರಿ?"

"ನೀವ ಅಂದಿದ್ರಲ್ಲ."

"ನಾ ಏನಂದೆ?"

"ಈ ಗ್ವಾಡಿ ನಡುವ ಯಾಕೈತಿ ಅಂದ್ರಿ."

ಭಾಗ್ಯಾ ಅವನ ಮುಖವನ್ನೇ ನೋಡಿದಳು. "ಸುಮ್ನ ಕೇಳಿದ್ದೆ ನಾನು. ಎಲ್ಲಾರೂ ಸುಮ್ನ ಕುಂತಿದ್ರಿ. ಏನ್ ಮಾತಾಡ್ಬೇಕು ತಿಳೀಲಿಲ್ಲ, ಅದಕ್ಕ ಕೇಳಿದೆ."

ಮೊದಲು ನಕ್ಕವಳು ಮರೆವ್ವ. ಸೆರಗನ್ನು ಬಾಯಿಗೆ ತುರುಕಿಕೊಂಡರೂ ತಡೆಯದೆ ಅವಳು ಪದ್ಮವ್ವನ ಕಟ್ಟೆಯ ಮೇಲೆ ಕುಸಿದು ಕೂತು ನಕ್ಕಳು. ವಾಸೀಮ್ ಮೊಬೈಲ್ ಜೇಬಿಗೆ ಹಾಕಿ, ನಗು ಕಾಣಬಾರದೆಂದು ಗಾಡಿಯ ಆಚೆ ಹೋಗಿ ನಿಂತ. ಶಟ್ಟೆಪ್ಪ ತನ್ನ ಅಂಗೈ ನೋಡಿಕೊಂಡ. ಗುದ್ದಲಿ ಹಿಡಿದು ಎರಡೂ ಕೈಯಲ್ಲಿ ಬೊಬ್ಬೆಗಳು ಎದ್ದಿದ್ದವು. ಭಾಗ್ಯಾಳೂ ಅವನ್ನು ನೋಡಿದಳು.

"ಆದ್ರ ಛಲೋ ಆತು," ಎಂದಳು ತಡೆದು. "ಬೆಳಕು ಬಂತು."

ಅವಳು ಒಳಗೆ ಹೋಗಿ ಚೀಲದಿಂದ ಅಳತೆ ಟೇಪು ತೆಗೆದಳು. ಒಂದು ತುದಿಯನ್ನು ಅವನ ಕೈಗೆ ಕೊಟ್ಟು, ಕಿಟಕಿಯಿರುವ ಗೋಡೆಗುಂಟ ಹೊರಟಳು. ಐದು ಫೂಟಿನ ಟೇಪು. ಐದಕ್ಕೊಮ್ಮೆ ನಿಂತು, ನೆಲದ ಮೇಲೆ ಬೆರಳಿನಿಂದ ಗೆರೆ ಎಳೆದು ಮುಂದೆ ಹೋಗಬೇಕು. ಅವಳು ನಡೆದಂತೆ ಅವನೂ ನಡೆದ. "ಒಂದು ಮಶೀನಿಗೆ ನಾಕು ಫೂಟು ಹಿಡೀರಿ. ಮೂರು ಮಶೀನು ಅದಾವು. ಬಟ್ಟಿ ಕತ್ತರಸೂ ಟೇಬಲ್ ಒಂದು, ಆರು ಫೂಟಿಂದು." ಶಟ್ಟೆಪ್ಪ ಮನಸ್ಸಿನಲ್ಲೇ ಕೂಡಿಸಿದ: ಹದಿನೆಂಟು. ಲೆಕ್ಕಕ್ಕೆ ಅವನು ಹೆದರುವವನಲ್ಲ. ಇಪ್ಪತ್ತೊಂದು ಫೂಟಿನ ಗೋಡೆ. ಹೊರಗಿನ ಸಾಮಾನು ಮತ್ತೆ ಒಳಗೆ ಬಂದರೆ ಹದಿನಾರು ಫೂಟು ಅದಕ್ಕೇ ಹೋಗುತ್ತದೆ.

"ಐದು ಉಳಿತೈತಿ," ಎಂದ, ಹೊರಗೆ ನೋಡುತ್ತ.

"ಹಂಗಾರ ಒಂದು ಮಶೀನು ತರತೇನಿ ಬಿಡ್ರಿ." ಅವಳ ಮಾತಿನಲ್ಲಿ ಕೊಂಕಿರಲಿಲ್ಲ. ಟೇಪು ಸುತ್ತಿಕೊಳ್ಳುತ್ತ, ಬಸ್ಸಿನ ಹೊತ್ತು ಹೇಳಿದಷ್ಟು ಸಹಜವಾಗಿ ಅಂದಳು. "ಎರಡು ಹೂಲ್ಯಾಗ ಇರ್ಲಿ. ನಮ್ಮಕ್ಕನ ಮಗಳು ಹೊಲಕೋತ ಕೂಡತಾಳ. ನಿಮ್ಮದೂ ಕೆಲಸದ ಸಾಮಾನ ಅಲ್ರಿ?"

ಶಟ್ಟೆಪ್ಪ ಹೊರಬಂದ. ಸಾಲಿನ ಮುಂದೆ ನಿಂತು, ಕೈಗೆ ಹತ್ತಿದ ಒಂದು ಮಿಕ್ಸರನ್ನು ಎತ್ತಿಕೊಂಡ. ಅಲ್ಲಾಡಿಸಲಿಲ್ಲ. ಬುಡಕ್ಕೆ ಅಂಟಿಸಿದ ಚೀಟಿಯ ಮೇಲೆ ಅವನದೇ ಅಕ್ಷರದಲ್ಲಿ ತಾರೀಖಿತ್ತು. ಹನ್ನೊಂದು ವರ್ಷದ ಹಿಂದಿನದು. ಅದರ ಒಡತಿ ಊರು ಬಿಟ್ಟೇ ಎಂಟು ವರ್ಷವಾಗಿತ್ತು. ಪಕ್ಕದ ಚೀಲ ಬಿಚ್ಚಿ ನೋಡಿದ. ಫ್ಯಾನಿನ ರೆಗ್ಯುಲೇಟರುಗಳು, ಈಗ ಯಾರೂ ಹಾಕಿಸದ ಬಗೆಯವು. ಚೀಲದ ಬಾಯಿ ಕಟ್ಟಿ, ಬದಿಗಿಟ್ಟ.

"ವಾಸೀಮಾ, ಗಾಡ್ಯಾಗಿಂದು ಎಲ್ಲಾ ಇಳಸು."

"ಯಾಕ್ರಿ ಅಣ್ಣಾರ?"

"ಅಂಗಡಿಗೆ ಒಯ್ಯೂದು ನಿನ್ನ ಗಾಡ್ಯಾಗ ಹಾಕೂಣು. ಖರೇನ ರಿಪೇರಿ ಆಗೂದು ಅಷ್ಟ." ಅವನು ಬದಿಗಿಟ್ಟ ಚೀಲದ ಮೇಲೆ ಮಿಕ್ಸರನ್ನೂ ಇಟ್ಟ. "ನಿಮ್ಮ ಅಬ್ಬಾಗ ಫೋನ್ ಮಾಡು. ಟ್ರಾಲಿ ತಿರುಗಿ ತರ್ರಿ ಅನ್ನು."

ಆಮೇಲೆ ಕೆಲಸ ಓಡಿತು. ಶಟ್ಟೆಪ್ಪ ಎತ್ತಿ ಒಂದು ಮಾತು ಹೇಳುವುದು, "ಅಂಗಡಿ" ಇಲ್ಲವೇ "ಗುಜರಿ". ಭಾಗ್ಯಾ ಸೆರಗು ಸಿಕ್ಕಿಸಿಕೊಂಡು ಆ ಬದಿಗೋ ಈ ಬದಿಗೋ ಒಯ್ದಿಡುವುದು. ಇದೇನು, ಇದು ಹೇಗೆ ತಿರುಗುತ್ತದೆ, ಸುಟ್ಟದ್ದು ಹೇಗೆ ಗೊತ್ತಾಗುತ್ತದೆ ಎಂದು ಅವಳು ಕೇಳುತ್ತ ಹೋದಳು. ಅವನು ಹೇಳುತ್ತ ಹೋದ. ತಮ್ಮ ಅಷ್ಟು ಮಾತಾಡಿದ್ದನ್ನು ಮರೆವ್ವ ಎಂದೂ ಕೇಳಿರಲಿಲ್ಲ. ಅವಳು ರೊಟ್ಟಿಯ ಡಬ್ಬಿ ಬಿಚ್ಚಿದವಳು, ಬಡಿಸದೆ ಹಾಗೇ ಮುಚ್ಚಿಟ್ಟು ಕೇಳುತ್ತ ಕೂತಳು.

ಟಿಪ್ಪುಸಾಬ ಬಂದಾಗ ಒಂದೂವರೆ. ಟಂಟಂ ಅರ್ಧ ತುಂಬಿತ್ತು. ಟ್ರಾಲಿ ಪೂರ್ತಿ ತುಂಬಿತು, ಹಗ್ಗ ಬಿಗಿಯಬೇಕಾಗುವಷ್ಟು. ಎಲ್ಲರೂ ಕೂಡಿ ಹಗ್ಗ ಎಳೆದು ಕಟ್ಟಿದ ಮೇಲೆ ಭಾಗ್ಯಾ ಕೈ ಝಾಡಿಸಿಕೊಳ್ಳುತ್ತ ಟಿಪ್ಪುಸಾಬನ ಹತ್ತಿರ ಹೋದಳು. ಹೇಳಲೋ ಬೇಡವೋ ಎಂಬಂತೆ ಛತ್ರಿಯ ತುದಿಯಿಂದ ನೆಲ ಕೆದರಿದಳು.

"ಕಾಕಾ, ಹೂಲಿಯಿಂದ ನನ್ನ ಸಾಮಾನು ತರಾಕ ಟಂಟಂ ಸಾಲತೈತೇನ್ರಿ?"

"ಏನೇನು ಐತಿ ಯವ್ವಾ?"

"ಮೂರು ಮಶೀನು, ಟೇಬಲ್ಲು, ಒಂದು ತಿಜೂರಿ. ಮತ್ತ..." ದನಿ ಸಣ್ಣದಾಯಿತು. "ಬಟ್ಟಿ ಚೂರಿನ ಚೀಲ ಅದಾವು. ಕೌದಿ ಹೊಲ್ಯಾಕ ಅಂತ ಇಟ್ಟೇನಿ."

"ಎಷ್ಟು ಚೀಲ?"

"ಇಪ್ಪತ್ತಾರು."

ಶಟ್ಟೆಪ್ಪ ಹಗ್ಗದ ಗಂಟು ಬಿಟ್ಟು ತಿರುಗಿದ. "ಎಷ್ಟು ಕೌದಿ ಹೊಲದ್ರಿ ಇಲ್ಲೀತನ?"

"ಇನ್ನೂ ಶುರು ಮಾಡಿಲ್ಲರಿ."

"ಎಷ್ಟು ವರ್ಷದಿಂದ ಇಟ್ಟೀರಿ?"

ಭಾಗ್ಯಾ ಅವನ ಕಡೆ ನೋಡಲಿಲ್ಲ. "ಅದೂ ಹತ್ತನ್ನೆರಡು ವರ್ಷ ಆತು."

ಶಟ್ಟೆಪ್ಪ ನಕ್ಕ. ಮೊದಲು ಮೀಸೆಯಲ್ಲಿ, ಆಮೇಲೆ ಹೆಗಲು ಕುಣಿಯುವಂತೆ. ಮೈಮೇಲಿನ ಮಣ್ಣು ಉದುರುವಷ್ಟು ನಕ್ಕ. ಭಾಗ್ಯಾಳಿಗೂ ತಡೆಯಲಾಗಲಿಲ್ಲ.

"ಬಟ್ಟಿ ಹಗರ ಇರತೈತಿ ಖರೆ, ಆದ್ರ ಉಬ್ಬತೈತಿ ಯವ್ವಾ," ಎಂದ ಟಿಪ್ಪುಸಾಬ, ಮುಖದಲ್ಲಿ ಒಂದು ಗೆರೆಯೂ ಸಡಿಲಿಸದೆ. "ಟಂಟಂ ಸಾಲೂದಿಲ್ಲ. ಟ್ರಾಲೀನ ಬೇಕು."

"ಟ್ರಾಲೀನ ಹೇಳ್ರಿ ಕಾಕಾ," ಎಂದ ಶಟ್ಟೆಪ್ಪ. "ಬುಧವಾರ. ನಾನೂ ಬರತೇನಿ ಹೇರಾಕ."

ಟ್ರ್ಯಾಕ್ಟರ್ ಮುಂದೆ, ಟಂಟಂ ಹಿಂದೆ ಓಣಿ ಬಿಟ್ಟು ಹೋದವು. ಮರೆವ್ವ ನಾಲ್ಕು ಕೊಡ ನೀರು ಸಿಂಪಡಿಸಿ ನೆಲ ಗುಡಿಸಿದಳು. ಮೂವರೂ ಕಿಟಕಿಯ ಕೆಳಗೆ ಕೂತು ತಣ್ಣಗಾದ ರೊಟ್ಟಿಯನ್ನು ಶೇಂಗಾ ಚಟ್ನಿಯ ಜೊತೆ ತಿಂದರು. ಮುಂಬಾಗಿಲು ತೆರೆದಿತ್ತು, ಹಿತ್ತಲ ಬಾಗಿಲೂ ತೆರೆದಿತ್ತು. ಹಸಿ ನೆಲದ ಮೇಲೆ ಗಾಳಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿತ್ತು.

ಯಾರದೋ ಕೋಳಿಯೊಂದು ಹೊಸ್ತಿಲ ಮೇಲೆ ಹಾರಿ ನಿಂತು, ಕತ್ತು ಓರೆ ಮಾಡಿ ಒಳಗೆ ನೋಡಿತು. ಆಮೇಲೆ ಇಳಿದು, ಒಂದೊಂದೇ ಹೆಜ್ಜೆ ಇಡುತ್ತ, ಮನೆಯ ಉದ್ದಕ್ಕೂ ನೆಟ್ಟಗೆ ನಡೆದು ಹಿತ್ತಲಿಗೆ ಹೋಯಿತು. ಯಾರೂ ಅದನ್ನು ಓಡಿಸಲಿಲ್ಲ.